ಕಾರಿನ ನಾಯಿ, ಊರ ನಾಯಿ ಮತ್ತು ಬಂಡೀಪುರದ ಹುಲಿ

ರಜೆ ಬಂತೆಂದರೆ ಗುಂಡ್ಲುಪೇಟೆ ದಾಟಿ ಊಟಿ ಕಡೆ ಹೋಗುವ ರಸ್ತೆ ನೋಡಬೇಕು. ಕಾರಿನ ತುಂಬಾ ಅಪ್ಪ, ಅಮ್ಮ, ಮಕ್ಕಳು. ಹಿಂದಿನ ಕಿಟಕಿಯಲ್ಲಿ ನಾಲಿಗೆ ಚಾಚಿದ ಲ್ಯಾಬ್ರಡಾರ್. ಬಂಡೀಪುರ ಕಾಡಿನ ನಡುವೆ ಗಾಡಿ ನಿಲ್ಲುತ್ತದೆ. ನಾಯಿ ಇಳಿದು ಪೊದೆಗೆ ಕಾಲೆತ್ತುತ್ತದೆ, ಜಿಂಕೆ ಕಂಡು ಬೊಗಳುತ್ತದೆ, ಮನೆಯವರು ವಿಡಿಯೊ ಮಾಡುತ್ತಾರೆ. ಅದೇ ಕಾಡಿಗೆ ನಮ್ಮ ದನ ನಾಲ್ಕು ಹೆಜ್ಜೆ ಹೋದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.

'ನಾಯಿ ನಮ್ಮನೆ ಮಗು ಇದ್ದಂಗೆ' ಅಂತಾರೆ. ಇರಲಿ. ಚಿರತೆಗೆ ಅದು ಊಟ, ಜೊತೆಗೆ ರೋಗ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಸ್ ಹುಲಿ, ಸಿಂಹ, ಚಿರತೆ, ಸೀಳುನಾಯಿಗಳಿಗೂ ಅಂಟುತ್ತದೆ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಇದು ಸುಮಾರು ಮೂರರಲ್ಲೊಂದು ಪಾಲು ಸಿಂಹಗಳನ್ನು ಕೊಂದಿತು. ಸುತ್ತಲಿನ ಊರುಗಳ ನಾಯಿಗಳಿಂದ ಬಂದ ರೋಗ ಎಂದರು ವಿಜ್ಞಾನಿಗಳು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ 23 ಸಿಂಹ ಸತ್ತವು. ಅಲ್ಲೂ ಇದೇ ವೈರಸ್ ಸಿಕ್ಕಿತು. ಆಮೇಲೆ ಅಮೆರಿಕದಿಂದ ಲಸಿಕೆ ತರಿಸಿದರು.

'ನಮ್ಮ ನಾಯಿಗೆ ಎಲ್ಲ ಲಸಿಕೆ ಆಗಿದೆ' ಅನ್ನುವವರೂ ಇದ್ದಾರೆ. ಒಳ್ಳೆಯದು. ಆದರೆ ಬೊಗಳುವುದಕ್ಕೆ, ಜಿಂಕೆ ಅಟ್ಟುವುದಕ್ಕೆ ಲಸಿಕೆ ಇಲ್ಲವಲ್ಲ. ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ ಸ್ವಾಮಿ.

ಈಗ ನಮ್ಮ ಕಡೆ. ಕಾಡಂಚಿನ ಊರಲ್ಲಿ ಹೊಲ ಕಾಯುವುದು ನಾಯಿಯೇ. ರಾತ್ರಿ ಹಂದಿ ಬಂದರೆ ಮೊದಲು ಎಚ್ಚರಿಸುವುದೂ ಅದೇ. ಅದನ್ನು ಮನೆಯಲ್ಲಿ ಬಿಟ್ಟು ಬರುವ ಮಾತೇ ಇಲ್ಲ. ಹಾಗಾಗಿ ಲಸಿಕೆ ಬೇಕಿರುವುದು ಅದಕ್ಕೆ. ರೇಬೀಸ್ ಲಸಿಕೆ ಹಾಕಿಸಿದರೆ ಡಿಸ್ಟೆಂಪರ್ ತಡೆಯುವುದಿಲ್ಲ, ಅದರ ಲಸಿಕೆ ಬೇರೆ.

ವನ್ಯಜೀವಿ ಕಾಯ್ದೆಯ 33ಎ ಕಲಂ ಓದಿ. ಅಭಯಾರಣ್ಯದಿಂದ 5 ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಲಸಿಕೆಯ ವ್ಯವಸ್ಥೆ ಮಾಡುವುದು ಅರಣ್ಯ ಇಲಾಖೆಯ ಮುಖ್ಯ ವನ್ಯಜೀವಿ ಪರಿಪಾಲಕರ ಹೊಣೆ. 'ಜಾನುವಾರು' ಅಂದರೆ ಏನೇನು ಅಂತ ಅದೇ ಕಾಯ್ದೆ ಪಟ್ಟಿ ಕೊಡುತ್ತದೆ: ಎಮ್ಮೆ, ಕುರಿ, ಕತ್ತೆ, ಹಂದಿ, ಒಂಟೆ, ಬಾತುಕೋಳಿ ಕೂಡ. ನಾಯಿಯ ಹೆಸರಿಲ್ಲ! ಬಾತುಕೋಳಿಯಿಂದ ಯಾವ ಹುಲಿ ಸತ್ತಿತ್ತೋ ಗೊತ್ತಿಲ್ಲ.

ಸಫಾರಿಗೆ ಜನ ದುಡ್ಡು ಕೊಡುತ್ತಾರೆ, ರೆಸಾರ್ಟ್‌ನವರು ದುಡಿಯುತ್ತಾರೆ. ಅದರಲ್ಲಿ ಒಂದು ಪಾಲು ತೆಗೆದು ಕಾಡಂಚಿನ ಊರ ನಾಯಿಗಳಿಗೆ ವರ್ಷಕ್ಕೊಮ್ಮೆ ಸೂಜಿ ಹಾಕಿಸಲು ಏನು ಕಷ್ಟ? ಮುಂದಿನ ಗ್ರಾಮಸಭೆಗೆ ಅರಣ್ಯ ಇಲಾಖೆಯವರನ್ನೂ ಪಶುವೈದ್ಯರನ್ನೂ ಕರೆಸಿ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.