ಸುಲಿದರೆ ಹೋಗುವ ಬಣ್ಣ, ಹೋಗದ ಹೊಣೆ

ಬೆಂಗಳೂರು: ಬೇಕೆಂದಾಗ ಸ್ಪ್ರೇ ಮಾಡಿ, ಬೇಸರವಾದಾಗ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ತೆಗೆಯಬಹುದಾದ ರಬ್ಬರ್ ಲೇಪನ ಬೈಕ್ ಪ್ರಿಯರನ್ನು ಸೆಳೆಯುತ್ತಿದೆ. ಕಂಪನಿಯ ಮೂಲ ಬಣ್ಣಕ್ಕೆ ಧಕ್ಕೆಯಿಲ್ಲ, ಖರ್ಚೂ ಕಡಿಮೆ ಎಂಬುದು ಇದರ ಆಕರ್ಷಣೆ. ಆದರೆ ತಾತ್ಕಾಲಿಕ ಬಣ್ಣಕ್ಕೆ ಕಾನೂನಿನ ತೊಡಕಿಲ್ಲ ಎಂಬ ನಂಬಿಕೆ ಮಾತ್ರ ಅರ್ಧಸತ್ಯ.

ಅಮೆರಿಕದ 'ಪ್ಲಾಸ್ಟಿ ಡಿಪ್' ಇಂತಹ ಲೇಪನಗಳಿಗೆ ರೂಢಿನಾಮವೇ ಆಗಿದೆ. ಇಕ್ಕಳದಂತಹ ಉಪಕರಣಗಳ ಹಿಡಿಕೆಗೆ ಹಿಡಿತ ನೀಡಲು ಬಂದ ವಸ್ತು ಕ್ರಮೇಣ ವಾಹನಗಳಿಗೂ ಹಬ್ಬಿತು. ತೆಳುವಾಗಿ ಒಂದೆರಡು ಬಾರಿ ಹೊಡೆದರೆ ಅದು ಸುಲಿಯಲು ಬಾರದೆ ಚೂರುಚೂರಾಗುತ್ತದೆ. ನಾಲ್ಕೈದು ಪದರ ಕೂತರಷ್ಟೇ ಹಾಳೆಯಂತೆ ಏಳುತ್ತದೆ. ಇದರ ದೊಡ್ಡ ಶತ್ರು ಪೆಟ್ರೋಲ್. ಬಂಕ್‌ನಲ್ಲಿ ನಾಲ್ಕು ಹನಿ ಚೆಲ್ಲಿದರೂ ಟ್ಯಾಂಕ್ ಮೇಲಿನ ಲೇಪನ ಕರಗತೊಡಗುತ್ತದೆ. ಸುಮಾರು 93 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯನ್ನು ಇದು ತಾಳದು. ಆದ್ದರಿಂದ ಸೈಲೆನ್ಸರ್‌ಗೆ ಸಲ್ಲದು. ಬ್ರೇಕ್ ಡಿಸ್ಕ್‌ಗೆ ತಗುಲಿದರೆ ಪ್ರಾಣಕ್ಕೇ ಸಂಚಕಾರ. ಚಕ್ರದ ರಿಮ್, ಪಕ್ಕದ ಕವಚ, ಮಡ್‌ಗಾರ್ಡ್‌ಗಳೇ ಇದಕ್ಕೆ ಸೂಕ್ತ ಜಾಗ.

ಇನ್ನು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ವಾಹನದ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಮಾರ್ಪಟ್ಟರೆ ಅದು 'ಮಾರ್ಪಾಡು'. ಸುಲಿಯಬಲ್ಲ ಬಣ್ಣವನ್ನು ಈ ವ್ಯಾಖ್ಯೆಯೊಳಗೆ ತರುವುದು ಕಷ್ಟ. ಆದರೆ ನೋಂದಣಿ ಪತ್ರದಲ್ಲಿ ವಾಹನದ ಬಣ್ಣವೂ ದಾಖಲಾಗಿರುತ್ತದೆ. ತಯಾರಕರು ನೀಡಿದ ಮೂಲ ವಿವರಗಳಿಗೆ ನೋಂದಣಿ ಪತ್ರ ವ್ಯತಿರಿಕ್ತವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ರಿಮ್‌ಗೆ ಬಣ್ಣ ಬಳಿದವರು ಇಷ್ಟಕ್ಕೆ ಹೆದರಬೇಕಿಲ್ಲ. ಪೇಚಿಗೆ ಸಿಲುಕುವವರು ಇಡೀ ಬೈಕಿನ ಬಣ್ಣ ಬದಲಿಸಿದವರು. ಕೆಂಪು ಎಂದು ದಾಖಲಾದ ವಾಹನ ಕಪ್ಪಾಗಿ ಓಡಾಡಿದರೆ, ಕಳವು ಅಥವಾ ಅಪಘಾತದ ತನಿಖೆಯಲ್ಲಿ ಪೊಲೀಸರ ಅನುಮಾನ ಮೊದಲು ಎರಗುವುದು ಮಾಲೀಕನ ಮೇಲೆಯೇ. ಮಾರಾಟದ ವೇಳೆಯೂ ಉತ್ತರ ಹೇಳಬೇಕಾದವನು ಅವನೇ. ಯುವಕರಿಗೆ ಅಚ್ಚುಮೆಚ್ಚಾದ ಆಲಿವ್ ಹಸಿರಿನ ವಿಷಯದಲ್ಲಂತೂ ಗೊಂದಲಕ್ಕೆ ಆಸ್ಪದವೇ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 121ನೇ ನಿಯಮ ಆ ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲಿಟ್ಟಿದೆ.

ಹೆಡ್‌ಲೈಟ್, ಹಿಂಬದಿಯ ದೀಪಗಳಿಗೆ ಕಪ್ಪು ಛಾಯೆ ಹೊಡೆಯುವ ಚಪಲ ಇನ್ನೂ ಅಪಾಯಕಾರಿ. ಮಳೆಯ ರಾತ್ರಿಯಲ್ಲಿ ಬ್ರೇಕ್ ದೀಪ ಮಂಕಾದರೆ ಹಿಂದೆ ಬರುವ ಲಾರಿ ಚಾಲಕನಿಗೆ ಎಚ್ಚರಿಕೆಯೇ ಸಿಗದು. ನಂಬರ್ ಪ್ಲೇಟ್‌ಗೆ ಲೇಪನ ತಗುಲಿದರೆ ಅತಿ ಸುರಕ್ಷಿತ ಫಲಕದ ಉದ್ದೇಶವೇ ವ್ಯರ್ಥ.

ಹಾಗೆಂದು ಹವ್ಯಾಸವನ್ನೇ ಅಪರಾಧವಾಗಿ ಕಾಣುವುದು ತರವಲ್ಲ. ಯಾವ ಭಾಗಕ್ಕೆ ಸಡಿಲಿಕೆ, ಯಾವುದಕ್ಕೆ ಆರ್‌ಟಿಒ ಅನುಮತಿ ಎಂಬುದನ್ನು ಸಾರಿಗೆ ಇಲಾಖೆ ಸರಳ ಮಾತಿನಲ್ಲಿ ಪ್ರಕಟಿಸಿದರೆ ರಸ್ತೆಬದಿಯ ಚೌಕಾಸಿಗೆ ಅವಕಾಶ ತಪ್ಪುತ್ತದೆ. ಅಲ್ಲಿಯವರೆಗೆ ಇಡೀ ಬೈಕಿನ ಬಣ್ಣ ಬದಲಿಸುವವರು ಸ್ಪ್ರೇ ಡಬ್ಬಿಗೆ ಮುನ್ನ ಆರ್‌ಟಿಒ ಕಚೇರಿಯ ಕದ ತಟ್ಟುವುದೇ ಜಾಣತನ.