ನವೀಕರಣಕ್ಕೂ ಕಮಿಷನ್ ಕೊಡಬೇಕೇ?

ನಾನು ಮತ್ತು ನನ್ನ ಗೆಳೆಯ ಜೊಯಿಡಾ ತಾಲ್ಲೂಕಿನ ರಾಮನಗರದವರು. ಧಾರವಾಡದಲ್ಲಿ ಬಾಡಿಗೆ ಮನೆ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇವೆ. ಬಾಡಿಗೆ 6,000 ರೂಪಾಯಿ. ಕರಾರಿನ 11 ತಿಂಗಳು ಮುಗಿಯುವ ಹೊತ್ತಿಗೆ, ಮನೆ ಕೊಡಿಸಿದ್ದ ದಲ್ಲಾಳಿಯ ಫೋನ್ ಬಂತು: ‘ರಿನ್ಯೂವಲ್‌ಗೆ ಅರ್ಧ ತಿಂಗಳ ಬಾಡಿಗಿ ಕೊಡ್ರಿ. ಇಲ್ಲಾಂದ್ರ ಒಂದನೇ ತಾರೀಖಿಗೆ ಮನಿ ಖಾಲಿ ಮಾಡ್ರಿ.’

3,000 ರೂಪಾಯಿ ಎಂದರೆ ನನ್ನ ಒಂದು ತಿಂಗಳ ಮೆಸ್ ಬಿಲ್. ಮನೆ ಹುಡುಕಿಕೊಟ್ಟಾಗ ಅವರಿಗೆ ಒಂದು ತಿಂಗಳ ಬಾಡಿಗೆ ಕೊಟ್ಟಾಗಿತ್ತು. ಈಗ ಕೊಡುವುದು ಯಾವ ಕೆಲಸಕ್ಕೆ?

ಈ 11 ತಿಂಗಳ ಲೆಕ್ಕವೇ ಒಂದು ರೂಢಿ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆ ಕರಾರನ್ನು ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು 11 ತಿಂಗಳಿಗೇ ನಿಲ್ಲಿಸುತ್ತಾರೆ. ಹೀಗಾಗಿ ಪ್ರತಿ ವರ್ಷ ನವೀಕರಣ, ಪ್ರತಿ ವರ್ಷ ಕಮಿಷನ್.

ಕರಾರು ಮುಗಿದ ಮರುದಿನವೇ ಬೀದಿಗೆ ಬೀಳುತ್ತೇವೆ ಎಂಬ ಭಯವೂ ಪೂರ್ತಿ ನಿಜವಲ್ಲ. ಅವಧಿ ಮುಗಿದ ಮೇಲೂ ನಾವು ಅಲ್ಲೇ ಇದ್ದು, ಮಾಲೀಕರು ಬಾಡಿಗೆ ಪಡೆದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಬಿಡಿಸಲು 15 ದಿನಗಳ ನೋಟಿಸ್ ಬೇಕು. 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದು ಇದನ್ನೇ. ನವೀಕರಿಸದಿರುವ ಹಕ್ಕು ಮಾಲೀಕರಿಗಿದೆ, ನಿಜ. ಆದರೆ ಆ ತೀರ್ಮಾನ ದಲ್ಲಾಳಿಯದಲ್ಲ.

ಹಾಗಾದರೆ ಕಾನೂನಿನ ರಕ್ಷಣೆ ಎಲ್ಲಿದೆ? ಕರ್ನಾಟಕ ಬಾಡಿಗೆ ಕಾಯ್ದೆ 1999ರದು. ಅದರಲ್ಲಿ ದಲ್ಲಾಳಿಗಳ ನೋಂದಣಿಯ ಮಾತಿದೆ. ಆದರೆ ಬೆಂಗಳೂರಿನಂಥ ಕಡೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಇಂದು ಆ ದರಕ್ಕೆ ಮನೆ ಎಲ್ಲಿ ಸಿಗುತ್ತದೆ? ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸುತ್ತದೆ. ಆದರೆ ರಾಜ್ಯಗಳು ಕಾನೂನು ಮಾಡಿದರೆ ಮಾತ್ರ ಅದಕ್ಕೆ ಬಲ. ಇಂಗ್ಲೆಂಡ್‌ನಲ್ಲಿ 2019ರ ಜೂನ್ 1ರಿಂದ ಹೊಸ ಬಾಡಿಗೆ ಒಪ್ಪಂದಗಳಿಗೆ, ಮರುವರ್ಷದಿಂದ ಹಳೆಯವಕ್ಕೂ, ಬಾಡಿಗೆದಾರರಿಂದ ನವೀಕರಣ ಶುಲ್ಕ ಪಡೆಯುವುದನ್ನೇ ನಿಷೇಧಿಸಲಾಗಿದೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಯಾಕಾಗಬಾರದು?

ಸೂಪಾ ಅಣೆಕಟ್ಟೆಗಾಗಿ ಮನೆಮಠ ಬಿಟ್ಟು ಬಂದವರು ನೆಲೆ ನಿಂತ ಊರು ನಮ್ಮದು. ಕಾಗದದ ಬೆಲೆ ಅಲ್ಲಿನ ಹಿರಿಯರಿಗೆ ಚೆನ್ನಾಗಿ ಗೊತ್ತು. ಫೋನಿನಲ್ಲಿ ವಿಷಯ ಹೇಳಿದಾಗ ಅಜ್ಜ ಕೇಳಿದ್ದು ಒಂದೇ: ‘ಕರಾರಿನಾಗ ಹಂಗ ಬರದಾರೇನು?’

ತೆಗೆದು ನೋಡಿದೆವು. ಬರೆದಿರಲಿಲ್ಲ. ನೇರವಾಗಿ ಮಾಲೀಕರ ಮನೆಗೇ ಹೋದೆವು. ‘ನಾ ಏನೂ ಕೇಳಿಲ್ಲಲ್ಲಪಾ’ ಎಂದರು ಅವರು. ಇ-ಸ್ಟಾಂಪ್, ಟೈಪಿಂಗ್ ಸೇರಿ 600 ರೂಪಾಯಿಯಲ್ಲಿ ಹೊಸ ಕರಾರು ಮುಗಿಯಿತು.

ಎಲ್ಲರಿಗೂ ಇಂಥ ಮಾಲೀಕರು ಸಿಗಲಾರರು. ಅದಕ್ಕೇ ಕಾನೂನು ಬೇಕು. ಅಲ್ಲಿಯವರೆಗೆ, ಸಹಿ ಹಾಕುವ ಮೊದಲು ‘ನವೀಕರಣದ ಖರ್ಚು ಯಾರದು, ಎಷ್ಟು’ ಎಂಬ ಒಂದು ಸಾಲನ್ನು ಕರಾರಿನಲ್ಲಿ ಬರೆಸಿಕೊಳ್ಳಿ. ಕೊಟ್ಟ ದುಡ್ಡಿಗೆ ರಸೀದಿ ಕೇಳಿ.