ಟ್ಯಾಂಕಿನೊಳಗಿನ ಯೋಧನ ಹಕ್ಕು

2024ನೆಯ ಜೂನ್ 28ರ ರಾತ್ರಿ ಪೂರ್ವ ಲಡಾಖಿನ ಸಾಸೇರ್ ಬ್ರಾಂಗ್ಸಾದ ಬಳಿ, ಯುದ್ಧಾಭ್ಯಾಸವನ್ನು ಮುಗಿಸಿ ಹಿಂದಿರುಗುತ್ತಿದ್ದ ನಮ್ಮ ಸೈನ್ಯದ ಟಿ-72 ಟ್ಯಾಂಕೊಂದು ಶ್ಯೋಕ್ ನದಿಯಲ್ಲಿ ಹಠಾತ್ತನೆ ಏರಿದ ನೀರಿಗೆ ಸಿಕ್ಕಿ ಐವರು ಯೋಧರು ಅಸುನೀಗಿದರು. 2022ನೆಯ ಅಕ್ಟೋಬರ್ 6ರಂದು ಝಾನ್ಸಿಯ ಸಮೀಪದ ಬಬೀನಾ ಮೈದಾನದಲ್ಲಿ ವಾರ್ಷಿಕ ಗುಂಡಿನ ಅಭ್ಯಾಸ ನಡೆಯುತ್ತಿರುವಾಗ ಟಿ-90 ಟ್ಯಾಂಕಿನ ತೋಪಿನ ನಳಿಗೆಯೇ ಸಿಡಿದು ಅದರ ನಾಯಕನೂ ಗುರಿಕಾರನೂ ಮಡಿದರು. ಈ ಎರಡು ಪ್ರಸಂಗಗಳಲ್ಲಿಯೂ ಶತ್ರುವಿನ ಒಂದು ಗುಂಡೂ ಹಾರಿರಲಿಲ್ಲವೆಂಬುದನ್ನು ವಾಚಕ ಮಹಾಶಯರು ಗಮನಿಸಬೇಕು.

ಇಂತಹ ಮರಣಗಳನ್ನು ವಿಧಿಲೀಲೆಯೆಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವುದು ಸುಲಭ. ಆದರೆ ಟ್ಯಾಂಕಿನ ಸ್ವಭಾವವನ್ನು ಬಲ್ಲವರಿಗೆ ಆ ಮಾತು ಸಮಾಧಾನವನ್ನು ಕೊಡಲಾರದು. ಸುಮಾರು 41 ಟನ್ನು ತೂಗುವ ಟಿ-72, ಶ್ವಾಸನಳಿಗೆಯನ್ನು ಜೋಡಿಸಿಕೊಂಡರೆ ಸುಮಾರು 5 ಮೀಟರು ಆಳದ ನೀರಿನ ತಳದಲ್ಲಿಯೂ ನಡೆಯಬಲ್ಲುದು ನಿಜ. ಆದರೆ ಅದಕ್ಕೆ ಪ್ರತಿಯೊಂದು ಸಂದಿಯನ್ನೂ ನೀರು ಹೊಗದಂತೆ ಮುಚ್ಚಿರಬೇಕು. ನದಿಯ ತಳವನ್ನೂ ಸೆಳವನ್ನೂ ಮುಂಚಿತವಾಗಿ ಅಳೆದಿರಬೇಕು. ಹಿಮ ಕರಗಿ ಹರಿಯುವ ನದಿಗಳು ಹಗಲಿನ ಬಿಸಿಲಿನ ತರುವಾಯ ಉಬ್ಬುವುದರಿಂದ ದಾಟುವ ವೇಳೆಯನ್ನೂ ಲೆಕ್ಕಿಸಬೇಕು. ಇನ್ನು ನಳಿಗೆಯ ಆಯುಸ್ಸು ಅದು ಹಾರಿಸಿದ ಗುಂಡುಗಳ ಎಣಿಕೆಯಿಂದ ನಿರ್ಣಯವಾಗತಕ್ಕದ್ದು. ಅದು ಸವೆದಿದ್ದರೂ, ಒಳಗೆ ಮಣ್ಣು ಉಳಿದಿದ್ದರೂ, ಗುಂಡೇ ದೋಷಯುಕ್ತವಾಗಿದ್ದರೂ ಅಪಾಯ ತಪ್ಪಿದ್ದಲ್ಲ. ಈ ಜಾತಿಯ ಟ್ಯಾಂಕುಗಳಲ್ಲಿ ಮದ್ದುಗುಂಡುಗಳು ಯೋಧರ ಕಾಲಡಿಯಲ್ಲಿಯೇ ಇರುವುದರಿಂದ ಒಳಗಿನ ಒಂದು ಕಿಡಿಯೂ ಪ್ರಾಣಾಂತಿಕವಾದೀತು.

2025ನೆಯ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರಕಾರವು ಟಿ-72ರ 780 ಅಶ್ವಶಕ್ತಿಯ ಯಂತ್ರಕ್ಕೆ ಬದಲಾಗಿ 1000 ಅಶ್ವಶಕ್ತಿಯ ಯಂತ್ರವನ್ನು ಒದಗಿಸಲು ರಷ್ಯದ ಸಂಸ್ಥೆಯೊಡನೆ 24.8 ಕೋಟಿ ಡಾಲರುಗಳ ಒಪ್ಪಂದವನ್ನು ಮಾಡಿಕೊಂಡಿತು. ಅದರ ನಿರ್ಮಾಣವಿದ್ಯೆ ಆವಡಿಯ ಕಾರ್ಖಾನೆಗೆ ದೊರೆಯುವುದೆಂಬುದು ಸಂತೋಷದ ಸಂಗತಿ. ಆದರೆ ಯಂತ್ರ ಎಷ್ಟೇ ಬಲವಾಗಿದ್ದರೂ ಅದು ನದಿಯ ಆಳವನ್ನು ಅಳೆಯಲಾರದು, ಸವೆದ ನಳಿಗೆಯನ್ನು ಗುರುತಿಸಲಾರದು. ಆ ಕೆಲಸ ಮನುಷ್ಯನದು.

ಮಹಾನವಮಿಯಂದು ನಮ್ಮ ಜನರು ಆಯುಧಗಳಿಗೆ ಕುಂಕುಮವಿಡುವ ಮೊದಲು ಅವನ್ನು ತೊಳೆದು, ತಿಕ್ಕಿ, ಎಣ್ಣೆ ಹಚ್ಚುತ್ತಾರೆ. ಹಿರಿಯರು ಪೂಜೆಯೊಡನೆ ಪರೀಕ್ಷೆಯನ್ನೂ ಸೇರಿಸಿಟ್ಟಿದ್ದರು. ಇಂದು ಹೊಸ ಆಯುಧದ ಖರೀದಿಗೆ ಮೆರವಣಿಗೆಯ ಸಂಭ್ರಮವಿದೆ. ಹಳೆಯದರ ದುರಸ್ತಿಗೆ, ಬಿಡಿಭಾಗಗಳಿಗೆ, ಮದ್ದುಗುಂಡಿನ ಪರೀಕ್ಷೆಗೆ ಅಂತಹ ಸಂಭ್ರಮವಿಲ್ಲ.

ಆದಕಾರಣ ನಾವು ಮೂರು ಸಂಗತಿಗಳನ್ನು ಸರಕಾರದ ಮುಂದಿಡುತ್ತೇವೆ. ಮೊದಲನೆಯದಾಗಿ, ಇಂತಹ ಪ್ರತಿಯೊಂದು ದುರ್ಘಟನೆಯ ವಿಚಾರಣೆಯ ಸಾರಾಂಶವನ್ನು, ಸೈನ್ಯದ ರಹಸ್ಯಗಳನ್ನು ಬಿಟ್ಟು, ಸಂಸತ್ತಿನ ಮುಂದಿಡುವುದು ಪದ್ಧತಿಯಾಗಬೇಕು. ಎರಡನೆಯದಾಗಿ, ಸಿಕ್ಕಿಬಿದ್ದ ಟ್ಯಾಂಕನ್ನು ಎಳೆದುತರುವ ಕವಚಿತ ವಾಹನಗಳನ್ನು ನಮ್ಮ ಬೆಂಗಳೂರಿನ ಬೆಮೆಲ್ ಸಂಸ್ಥೆಯೇ ತಯಾರಿಸಿ ಕೊಟ್ಟಿದೆ. ಟ್ಯಾಂಕು ನದಿಗಿಳಿಯುವ ಮೊದಲೇ ಅಂಥದೊಂದು ದಡದಲ್ಲಿ ಸಿದ್ಧವಾಗಿ ನಿಂತಿರಬೇಕು. ಮೂರನೆಯದೂ ಮುಖ್ಯವಾದುದೂ ಏನೆಂದರೆ, “ಈ ವಾಹನ ಇಂದು ಹೊರಡಲು ಯೋಗ್ಯವಲ್ಲ” ಎಂದು ಹೇಳುವ ಅಧಿಕಾರ ಅದನ್ನು ನಡೆಸುವ ಸಾಮಾನ್ಯ ಸಿಪಾಯಿಗೂ ಇರಬೇಕು. ಹಾಗೆ ಹೇಳಿದವನನ್ನು ಹೇಡಿಯೆಂದು ಹಳಿಯಬಾರದು.

ಯುದ್ಧದ ಕಾಲದಲ್ಲಿ ಅಪಾಯವನ್ನು ಅರಿತೂ ಮುನ್ನುಗ್ಗಬೇಕಾದ ಗಳಿಗೆ ಬಂದೇ ಬರುತ್ತದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಭ್ಯಾಸದ ಮೈದಾನದಲ್ಲಿ ಆ ಸಬೂಬು ಸಲ್ಲದು. ಪರೀಕ್ಷಿಸದೆಯೇ “ಎಲ್ಲವೂ ಸರಿಯಾಗಿದೆ” ಎಂದು ಕಾಗದದ ಮೇಲೆ ರುಜು ಹಾಕುವ ಅಧಿಕಾರಿ, ಆ ಮಾತನ್ನು ನಂಬಿ ಉಕ್ಕಿನ ಗೂಡಿನೊಳಗೆ ಇಳಿಯುವ ತರುಣನ ಪ್ರಾಣಕ್ಕೆ ಜವಾಬುದಾರನು. ದೇಶಕ್ಕಾಗಿ ಸಾಯಲು ಸಿದ್ಧನಾದವನನ್ನು ಅಲಕ್ಷ್ಯದಿಂದ ಸಾಯಗೊಡುವುದು ದೇಶಸೇವೆಯಲ್ಲ.